ಕಾರಿನ ಕ್ಯಾಮೆರಾಕ್ಕೆ ನೀರು ಕಂಡೀತು, ನೀರಡಿಯ ಗುಂಡಿ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಹೋದ ದೀಪಾವಳಿಗೆ ಅಡಾಸ್ (ಕ್ಯಾಮೆರಾ, ರೇಡಾರಿನಿಂದ ಡ್ರೈವರಿಗೆ ನೆರವಾಗುವ ವ್ಯವಸ್ಥೆ) ಇರುವ ಕಾರು ತಗೊಂಡೆವು. ಬೇಸಿಗೆ ಮುಗಿಯುವ ತನಕ ದೂರುವಂಥದ್ದೇನೂ ಇರಲಿಲ್ಲ. ಆರಿದ್ರೆ ಮಳೆ ಹಿಡಿದ ಮೇಲೆ ಶುರುವಾಯ್ತು. ಶಿವಮೊಗ್ಗಕ್ಕೆ ಹೋಗಿಬರುವಾಗ ಮಂಡಗದ್ದೆ ಆಸುಪಾಸಿನಲ್ಲಿ 'ಮುಂದಿನ ಕ್ಯಾಮೆರಾ ಲಭ್ಯವಿಲ್ಲ' ಅಂತ ಬಂದು ಎಲ್ಲ ಆಫ್ ಆಗುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತೆ. ಒಂದು ದಿನ ನೀರು ತುಂಬಿದ ಗುಂಡಿಗೆ ಎಡಗಡೆ ಚಕ್ರ ಇಳಿದು ರಿಮ್ ಬೆಂಡಾಯ್ತು, ಕಾರು ಒಂದು ಬೀಪ್ ಕೂಡ ಮಾಡಲಿಲ್ಲ. ಅದೇ ವಾರ ಎದುರಿಗೆ ಏನೂ ಇಲ್ಲದ ತಿರುವಲ್ಲಿ ತಾನಾಗಿ ಬ್ರೇಕ್ ಹಿಡಿಯಿತು. ಶೋರೂಮಿನವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತೆ ಅಂತಾರೆ. ಮಗಳು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ. ಕ್ಯಾಮೆರಾದಿಂದ ರಸ್ತೆ ಮೇಲಿನ ನೀರು ಗುರುತಿಸುವುದೇ ಅವಳ ಪ್ರಾಜೆಕ್ಟು. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಫಿಲ್ಟರ್ ಹಾಕಿದರೆ ಕೆಲಸ ಮುಗೀತು ಅನ್ನುತ್ತಾಳೆ, ನಿಜವಾ? ಮುಂದೆ ಡ್ರೈವರ್ ಇಲ್ಲದ ಕಾರು ಬಂದರೆ ಆಗುಂಬೆ ಘಾಟಿ ಇಳಿಯುತ್ತಾ?

ಉತ್ತರ: ಕಾರಿನ ವಿಷಯದಲ್ಲಿ ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆ. ಗಾಜು ಮಸುಕಾಗಿ ಕ್ಯಾಮೆರಾಕ್ಕೆ ಕಣ್ಣು ಕಟ್ಟುವುದು ಒಂದು. ಇದನ್ನು ಬಹುಪಾಲು ನೀವೇ ಸರಿಮಾಡಿಕೊಳ್ಳಬಹುದು. ಇಲ್ಲದ್ದನ್ನು ಇದೆ ಎಂದುಕೊಂಡು ಬ್ರೇಕ್ ಹಿಡಿಯುವುದು ಇನ್ನೊಂದು, ಇದು ಅಪ್‌ಡೇಟ್‌ನಿಂದ ಕಡಿಮೆಯಾದರೂ ಆದೀತು. ನೀರಡಿಯ ಗುಂಡಿಯನ್ನು ಕಾಣದೇ ಹೋದದ್ದು ಮಾತ್ರ ಕೆಟ್ಟುಹೋದ ಯಂತ್ರದ ಲಕ್ಷಣವಲ್ಲ. ಗುಂಡಿ ಹುಡುಕು ಎಂದು ಆ ಕಾರಿಗೆ ಯಾರೂ ಹೇಳಿಕೊಟ್ಟೇ ಇಲ್ಲ.

ಈಗ ನಮ್ಮಲ್ಲಿ ಮಾರುವ ಅಡಾಸ್ ಕಾರುಗಳ ಮುಂದಿನ ಕ್ಯಾಮೆರಾ ಕಲಿತಿರುವುದು ವಾಹನ, ಬೈಕು, ಮನುಷ್ಯ, ರಸ್ತೆಯ ಬಿಳಿ–ಹಳದಿ ಗೆರೆ, ಕೆಲವದರಲ್ಲಿ ವೇಗಮಿತಿಯ ಫಲಕ, ಇಷ್ಟನ್ನೇ. ನಿಂತ ನೀರು ಅದರ ಪಟ್ಟಿಯಲ್ಲಿಲ್ಲ. ಅದರ ಲೆಕ್ಕದಲ್ಲಿ ನೀರು ಎಂದರೆ ರಸ್ತೆಯದೇ ಒಂದು ಬಣ್ಣ. ವೈಪರ್ ತಾನಾಗಿ ಓಡುತ್ತದಲ್ಲ, ಹಾಗಾದರೆ ರಸ್ತೆ ಒದ್ದೆ ಅಂತ ಕಾರಿಗೆ ಗೊತ್ತಾಯಿತಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ವೈಪರಿನ ಸೆನ್ಸರ್ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುತ್ತದೆ. ಗಾಜಿನೊಳಕ್ಕೆ ಇನ್ಫ್ರಾರೆಡ್ ಬೆಳಕು ಬಿಟ್ಟು ಎಷ್ಟು ವಾಪಸು ಬಂತು ಎಂದು ನೋಡುತ್ತದೆ. ಗಾಜಿನ ಮೇಲೆ ಹನಿ ಕೂತರೆ ಬೆಳಕು ಹೊರಗೆ ಸೋರಿಹೋಗುತ್ತದೆ, ವಾಪಸು ಬರುವುದು ಕಡಿಮೆಯಾಗುತ್ತದೆ. ಅದು ಎಣಿಸುವುದು ಗಾಜಿನ ಮೇಲಿನ ಹನಿಯನ್ನು. ಮಳೆ ನಿಂತು ಅರ್ಧ ಗಂಟೆಯಾದರೂ ಹಳ್ಳದಂತೆ ಹರಿಯುವ ನಮ್ಮ ರಸ್ತೆಯ ಸುದ್ದಿ ಅದಕ್ಕೆ ತಲುಪುವುದಿಲ್ಲ.

ರಸ್ತೆಯ ಒದ್ದೆಯನ್ನೇ ಅಳೆಯುವ ಕಾರುಗಳೂ ಇವೆ. ಪೋರ್ಷೆಯವರು 2018ರ ಕೊನೆಯಲ್ಲಿ ತೋರಿಸಿದ 911ರಲ್ಲಿ 'ವೆಟ್ ಮೋಡ್' ಇದೆ. ಅದು ಮುಖ್ಯವಾಗಿ ನೆಚ್ಚಿಕೊಂಡಿರುವುದು ಕಿವಿಯನ್ನು. ಮುಂಚಕ್ರದ ಗೂಡಿನೊಳಗೆ ಕೂರಿಸಿದ ಧ್ವನಿ ಸೆನ್ಸರುಗಳು ಟೈರು ಎರಚುವ ನೀರಿನ ಸದ್ದು ಕೇಳಿ ರಸ್ತೆ ಎಷ್ಟು ಒದ್ದೆ ಎಂದು ಅಂದಾಜು ಮಾಡುತ್ತವೆ. ಆದರೆ ಕಿವಿಗೆ ಕೇಳಿಸುವ ಹೊತ್ತಿಗೆ ಚಕ್ರ ನೀರಿಗೆ ಬಿದ್ದಾಗಿರುತ್ತದೆ. ಮುಂದಿರುವುದನ್ನು ಮೊದಲೇ ತಿಳಿಯಬೇಕಾದರೆ ಕಣ್ಣೇ ಬೇಕು. ಆ ಕಣ್ಣಿಗೆ ನೀರು ಯಾಕೆ ಕಷ್ಟ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮಗಳ ಪ್ರಾಜೆಕ್ಟಿನ ಉತ್ತರವೂ ಅದರಲ್ಲೇ ಇದೆ.

ಒಣ ಟಾರಿನ ಮೈ ಒರಟು. ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಅದಕ್ಕೇ ಬೂದು ಬಣ್ಣವಾಗಿ ಕಾಣುತ್ತದೆ. ತೆಳ್ಳಗೆ ನೀರು ಸವರಿದರೆ ಚದುರಿದ ಬೆಳಕಿನಲ್ಲಿ ಒಂದು ಪಾಲು ನೀರಿನ ಒಳಮೈಗೆ ತಾಗಿ ಮತ್ತೆ ಟಾರಿಗೇ ಮರಳುತ್ತದೆ, ಟಾರು ಅದನ್ನು ಹೀರಿಕೊಳ್ಳುತ್ತದೆ. ಒದ್ದೆ ಮಣ್ಣು, ಒದ್ದೆ ಪಂಚೆ ಕಪ್ಪಾಗಿ ಕಾಣುವುದಕ್ಕೂ ಒಂದು ಮಟ್ಟಿಗೆ ಇದೇ ಕಾರಣ. ನೀರು ಇನ್ನಷ್ಟು ದಪ್ಪವಾಗಿ ಟಾರಿನ ಉಬ್ಬುತಗ್ಗು ಮುಚ್ಚಿತೋ, ಮೇಲ್ಮೈ ಕನ್ನಡಿಯಾಗುತ್ತದೆ. ಅಲ್ಲಿಂದಾಚೆ ಕ್ಯಾಮೆರಾಕ್ಕೆ ಕಾಣುವುದು ರಸ್ತೆಯಲ್ಲ, ರಸ್ತೆಯಲ್ಲಿ ಬಿದ್ದ ಬಿಂಬ.

ಎಷ್ಟರ ಮಟ್ಟಿಗೆ ಕನ್ನಡಿ ಎಂಬುದು ನೋಡುವ ಕೋನದ ಮೇಲೆ ನಿಂತಿದೆ. ನೆತ್ತಿಯ ಮೇಲಿನಿಂದ ನೇರ ಕೆಳಗೆ ನೋಡಿದರೆ ನೀರು ಹಿಂದಕ್ಕೆ ಕಳಿಸುವುದು ಬಿದ್ದ ಬೆಳಕಿನ ಶೇ 2ರಷ್ಟನ್ನು, ಅದಕ್ಕೇ ಬಾವಿಕಟ್ಟೆಯಿಂದ ಬಗ್ಗಿದರೆ ತಳ ಕಾಣುತ್ತದೆ. ಗಾಜಿನ ಹಿಂದೆ 1.3 ಮೀಟರ್ ಎತ್ತರದಲ್ಲಿರುವ ಕ್ಯಾಮೆರಾದ ಲೆಕ್ಕ ಬೇರೆ. 5 ಮೀಟರ್ ಮುಂದಿನ ನೀರು ಸುಮಾರು ಶೇ 22, 10 ಮೀಟರ್ ಮುಂದಿನದು ಶೇ 45, 20 ಮೀಟರ್ ಮುಂದಿನದು ಶೇ 67ರಷ್ಟು ಬೆಳಕನ್ನು ಕನ್ನಡಿಯಂತೆ ಎಸೆಯುತ್ತದೆ. ದೂರ ಹೋದಷ್ಟೂ ತಳ ಮುಚ್ಚಿಕೊಳ್ಳುತ್ತದೆ. ಎಚ್ಚರಿಕೆ ಕೊಡಬೇಕಾದ ದೂರದಲ್ಲೇ ಗುಂಡಿ ಕಾಣುವ ಸಾಧ್ಯತೆ ಅತಿ ಕಡಿಮೆ.

ಇನ್ನೊಂದು ಲೆಕ್ಕವೂ ಇದೆ. ಅಗಲಕ್ಕೆ 45 ಡಿಗ್ರಿ ನೋಡುವ, 1456 ಪಿಕ್ಸೆಲ್ ಅಗಲದ ಕ್ಯಾಮೆರಾ ಇಟ್ಟುಕೊಳ್ಳಿ. ರಸ್ತೆಯುದ್ದಕ್ಕೆ ಒಂದು ಮೀಟರ್ ಉದ್ದದ ನೀರಗುಂಡಿ 10 ಮೀಟರ್ ದೂರದಲ್ಲಿ ಚಿತ್ರದಲ್ಲಿ ಇಪ್ಪತ್ತೆರಡು ಸಾಲು ಪಿಕ್ಸೆಲ್ ಎತ್ತರ ಇರುತ್ತದೆ. 15 ಮೀಟರಿನಲ್ಲಿ ಹತ್ತು ಸಾಲು. 30 ಮೀಟರಿನಲ್ಲಿ ಎರಡೂವರೆ. ದೂರ ಎರಡು ಪಟ್ಟಾದರೆ ಎತ್ತರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎರಡೂವರೆ ಸಾಲಿನ ಆ ಗೀಟು ನೀರೋ, ಟಾರಿನ ತೇಪೆಯೋ, ಬೀಟೆ ಮರದ ನೆರಳೋ ಎಂದು ಹೇಳುವುದು ಚಿತ್ರಗಳಿಂದ ಕಲಿತ ಎಂಥ ಬುದ್ಧಿವಂತ ಕಂಪ್ಯೂಟರ್ ಮಾಡೆಲ್‌ಗೂ ಊಹೆಯ ಆಟವೇ. ಮುಂದಿನ ಕಾರನ್ನು ನೂರು ಮೀಟರಿನಿಂದ ಹಿಡಿಯುವ ಕ್ಯಾಮೆರಾಕ್ಕೆ ನೀರು ಹಿಡಿಯಲು ಹದಿನೈದು ಮೀಟರಿನಷ್ಟು ಹತ್ತಿರ ಬರಬೇಕಾಗುವುದು ಇದರಿಂದ. ಕಾರು ಎದ್ದು ನಿಂತಿರುತ್ತದೆ, ನೀರು ಮಲಗಿರುತ್ತದೆ.

ಇದಿಷ್ಟೂ ಎಲ್ಲ ಊರಿಗೂ ಅನ್ವಯಿಸುವ ಮಾತು. ಮಲೆನಾಡು ಇದರ ಮೇಲೆ ತನ್ನದೊಂದಿಷ್ಟು ಸೇರಿಸುತ್ತದೆ. ನಿಂತ ನೀರನ್ನು ಗುರುತಿಸುವ ಹಳೆಯ ವಿಧಾನಗಳು 'ರಸ್ತೆಯಲ್ಲಿ ಆಕಾಶದ ಬಣ್ಣ ಕಂಡರೆ ಅದು ನೀರು' ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಬಯಲುಸೀಮೆಯ ಹೆದ್ದಾರಿಯಲ್ಲಿ ಅದು ನಡೆಯುತ್ತದೆ. ಎರಡೂ ಬದಿಯ ಮರ ಮೇಲೆ ಕೂಡಿಕೊಂಡಿರುವ ನಮ್ಮ ರಸ್ತೆಯಲ್ಲಿ ನೀರಿಗೆ ಕಾಣುವುದು ಆಕಾಶವಲ್ಲ, ಕಾಡು. ಗುಂಡಿಯ ನೀರು ಕಡುಹಸಿರು, ಹೆಚ್ಚುಕಡಿಮೆ ಕಪ್ಪು. ಸುತ್ತಲಿನ ಒದ್ದೆ ಟಾರೂ ಕಪ್ಪು. ಧರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆ) ಕಡೆಯಿಂದ ಜಂಬಿಟ್ಟಿಗೆ ಮಣ್ಣು ಕೊಚ್ಚಿಕೊಂಡು ಬಂದ ಕಡೆ ಇದಕ್ಕೆ ತದ್ವಿರುದ್ಧ. ಕೆಂಪು ನೀರು ಬಿಂಬಕ್ಕಿಂತ ತನ್ನ ಬಣ್ಣವನ್ನೇ ಹೆಚ್ಚು ತೋರಿಸುತ್ತದೆ. ಮಾಡೆಲ್ ಅದನ್ನು 'ಮಣ್ಣು ರಸ್ತೆ' ಎಂದು ಬರೆದುಕೊಂಡು ಸುಮ್ಮನಾಗುತ್ತದೆ.

ಜಡಿಮಳೆ ಸುರಿಯುತ್ತಿರುವಾಗ ಹನಿ ಬಿದ್ದು ಬಿದ್ದು ನೀರಿನ ಮೈ ಕದಡಿ ಬಿಂಬವೇ ಇರುವುದಿಲ್ಲ. ಆದರೆ ಆ ಕದಡುವಿಕೆಯೇ ಒಂದು ಗುರುತು. ಒಂದರ ಹಿಂದೊಂದು ಚಿತ್ರ ಹೋಲಿಸಿದರೆ ಒದ್ದೆ ಟಾರು ಬಹುಮಟ್ಟಿಗೆ ಹಾಗೇ ಇರುತ್ತದೆ, ನಿಂತ ನೀರು ಮಾತ್ರ ಮಿಣಮಿಣ ಎನ್ನುತ್ತಿರುತ್ತದೆ. ಇನ್ನು ಹಾವಸೆ. ಬಿಸಿಲೇ ಬೀಳದ ತಿರುವುಗಳಲ್ಲಿ, ಚಕ್ರ ಹೆಚ್ಚು ಓಡದ ಅಂಚುಗಳಲ್ಲಿ, ಮೋರಿಯ ಸಿಮೆಂಟಿನ ಮೇಲೆ ಆಗಸ್ಟ್ ಹೊತ್ತಿಗೆ ಹಸಿರು ಕಟ್ಟಿರುತ್ತದೆ. ಅದರ ದಪ್ಪ ಕಾಗದದಷ್ಟು, ಜಾರಿಕೆ ಸಾಬೂನಿನಷ್ಟು. ಹೊರದೇಶದಲ್ಲಿ ತಯಾರಾದ ರಸ್ತೆಚಿತ್ರಗಳ ಸಂಗ್ರಹಗಳಲ್ಲಿ ಹಿಮಕ್ಕೆ, ಕರಗಿದ ಹಿಮಕ್ಕೆ ಪ್ರತ್ಯೇಕ ವರ್ಗ ಇರುತ್ತದೆ, ಹಾವಸೆಗೆ ಇರುವುದಿಲ್ಲ.

ಆಳ ಅಳೆಯುವ ಬೇರೆ ಉಪಕರಣ ಇಲ್ಲವೇ? ಎರಡು ಕಣ್ಣಿನ ಸ್ಟೀರಿಯೋ ಕ್ಯಾಮೆರಾ ನಿಂತ ನೀರಿನ ಮುಂದೆ ಚೆನ್ನಾಗಿಯೇ ಮೋಸಹೋಗುತ್ತದೆ. ರಸ್ತೆ ಪಕ್ಕದ ಹತ್ತು ಮೀಟರ್ ಎತ್ತರದ ಮರದ ಬಿಂಬ ನೀರಿನಲ್ಲಿ ಬಿದ್ದರೆ, ಅದರ ಲೆಕ್ಕಕ್ಕೆ ರಸ್ತೆಯಲ್ಲಿ ಹತ್ತು ಮೀಟರ್ ಆಳದ ಬಾವಿ ತೆರೆದುಕೊಳ್ಳುತ್ತದೆ. ತಮಾಷೆಯೆಂದರೆ ಈ ತಪ್ಪೇ ಉಪಯೋಗಕ್ಕೆ ಬರುತ್ತದೆ. ರಸ್ತೆಯ ಮಟ್ಟಕ್ಕಿಂತ ಅಸಾಧ್ಯವೆನ್ನುವಷ್ಟು ಕೆಳಗೆ ಏನಾದರೂ ಕಂಡರೆ ಅದು ನೀರು ಎಂದು ತೀರ್ಮಾನಿಸಬಹುದು. ಲೇಸರಿನಿಂದ ದೂರ ಅಳೆಯುವ ಲೈಡಾರಿನದೂ ಇಂಥದೇ ಕತೆ. ಅದು ಕಳಿಸಿದ ಲೇಸರ್ ಬೆಳಕು ಓರೆಯಾಗಿ ನೀರಿಗೆ ಬಡಿದು ಮುಂದಕ್ಕೆ ಜಾರಿಹೋಗುತ್ತದೆ, ವಾಪಸು ಬರುವುದಿಲ್ಲ. ಹಾಗಾಗಿ ನಿಂತ ನೀರಿದ್ದ ಕಡೆ ಅದರ ನಕ್ಷೆಯಲ್ಲಿ ತೂತು. 1450 ನ್ಯಾನೊಮೀಟರ್ ಆಸುಪಾಸಿನ ಇನ್ಫ್ರಾರೆಡ್ ಬೆಳಕನ್ನು ನೀರು ಗಟಗಟ ಕುಡಿಯುತ್ತದೆ, ಆ ಬೆಳಕಿನ ಕ್ಯಾಮೆರಾಕ್ಕೆ ನೀರು ಮಸಿಯಂತೆ ಕಾಣುತ್ತದೆ. ಆದರೆ ಸಾಮಾನ್ಯ ಸಿಲಿಕಾನ್ ಕ್ಯಾಮೆರಾದ ಕಣ್ಣು 1100 ನ್ಯಾನೊಮೀಟರಿಗೇ ಮುಗಿಯುತ್ತದೆ. ಅದರಾಚೆಗೆ ಬೇಕಾದ ಸೆನ್ಸರ್ ಕಾಲೇಜು ಪ್ರಾಜೆಕ್ಟಿನ ದುಡ್ಡಿಗೆ ಬರುವಂಥದ್ದಲ್ಲ. ಇವೆಲ್ಲ ಹೇಳುವುದು ನೀರು ಇದೆ ಎಂಬುದನ್ನು. ಎಷ್ಟು ಆಳ, ಅಡಿಯಲ್ಲಿ ಟಾರಿದೆಯೋ ಗುಂಡಿಯಿದೆಯೋ ಎಂಬುದನ್ನು ಯಾವುದೂ ನಂಬುವಂತೆ ಹೇಳುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. 'ಕ್ಯಾಮೆರಾ ಲಭ್ಯವಿಲ್ಲ' ಎಂದು ಬಂದಾಗ ಕಾರು ಪ್ರಾಮಾಣಿಕವಾಗಿ ತನಗೆ ಕಾಣುತ್ತಿಲ್ಲ ಎಂದು ಹೇಳುತ್ತಿದೆ. ನನ್ನ ಮಟ್ಟಿಗೆ, ಕಾಣದಿದ್ದರೂ ಕಾಣುತ್ತಿದೆ ಎಂದು ನಡೆಸುವ ಕಾರಿಗಿಂತ ಅದು ಮೇಲು. ಕಾರಣ ಬಹಳ ಸಲ ಗಾಜಿನ ಒಳಗಿರುತ್ತದೆ. ಕ್ಯಾಮೆರಾ ಕೂತ ಗೂಡು ಗಾಜಿಗೆ ಒತ್ತಿಕೊಂಡಿದ್ದು, ಎಸಿ ಗಾಳಿ ಅಲ್ಲಿಗೆ ಸರಿಯಾಗಿ ತಾಗುವುದಿಲ್ಲ. ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಹತ್ತಿ ಕಿಟಕಿ ಏರಿಸಿದರೆ ಅಂಗೈಯಗಲದ ಆ ಜಾಗದಲ್ಲಿ ಆವಿ ಕಟ್ಟುತ್ತದೆ. ನಿಮ್ಮ ಕಣ್ಣೆದುರಿನ ಗಾಜು ಸ್ವಚ್ಛವಾಗಿರುವುದರಿಂದ ನಿಮಗೆ ಗೊತ್ತಾಗುವುದಿಲ್ಲ. ಹೊರಗಿನ ಕಾರಣ ಸವೆದ ವೈಪರ್ ರಬ್ಬರು. ಅದು ಬಿಟ್ಟುಹೋದ ಒಂದೊಂದು ಹನಿಯೂ ಪುಟ್ಟ ಮಸೂರ, ಅದರೊಳಗೆ ಇಡೀ ರಸ್ತೆ ತಲೆಕೆಳಗಾಗಿ ಕೂತಿರುತ್ತದೆ. ಕ್ಯಾಮೆರಾ ಗಾಜಿಗೆ ಎಷ್ಟು ಹತ್ತಿರ ಇದೆಯೆಂದರೆ ಒಂದು ದಪ್ಪ ಹನಿ ಒಂದು ಲಾರಿಯನ್ನೇ ಮರೆಮಾಡಬಲ್ಲದು.

ಮಾಡಬೇಕಾದ್ದು ಇಷ್ಟು. ಮುಂಗಾರಿಗೆ ಮುಂಚೆ, ಮೇ ಕೊನೆಯಲ್ಲೇ ವೈಪರ್ ಬ್ಲೇಡ್ ಬದಲಿಸಿ. ಬಿಸಿಲಿಗೆ ಒಣಗಿ ಬಿರುಸಾದ ರಬ್ಬರು ಮೊದಲ ಮಳೆಗೇ ಗೀರು ಬಿಡುತ್ತದೆ. ಗಾಜಿನ ಒಳಮೈಯನ್ನು ಒರೆಸಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಎದ್ದು ಕೂತ ಎಣ್ಣೆಯಂಥ ಪೊರೆ ಅಲ್ಲಿರುತ್ತದೆ, ಆವಿ ಮೊದಲು ಹಿಡಿಯುವುದು ಅದರ ಮೇಲೇ. ಕ್ಯಾಮೆರಾ ಗೂಡಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಕ್ಯಾಮೆರಾ ಅರ್ಧ ಡಿಗ್ರಿ ಕದಲಿದರೂ 50 ಮೀಟರಿನಲ್ಲಿ ನಲವತ್ತು ಸೆಂಟಿಮೀಟರಿಗಿಂತ ಹೆಚ್ಚು ತಪ್ಪು ತೋರಿಸುತ್ತದೆ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಾಳಿ ಸುತ್ತುವ ಬಟನ್ ಆಫ್ ಮಾಡಿ. ಫಾಸ್ಟ್ಯಾಗ್, ದೇವರ ಸ್ಟಿಕರ್, ಡ್ಯಾಶ್‌ಕ್ಯಾಮ್ ಇವು ಕ್ಯಾಮೆರಾದ ನೋಟಕ್ಕೆ ಅಡ್ಡ ಇರಬಾರದು. ಗಾಜು ಒಡೆದು ಹೊಸದು ಹಾಕಿಸಿದ್ದರೆ ಕ್ಯಾಮೆರಾ ಕ್ಯಾಲಿಬ್ರೇಷನ್ ಆಗಿದೆಯೇ ಎಂದು ಬಿಲ್ಲಿನಲ್ಲೇ ನೋಡಿ, ಬಾಯಿಮಾತು ಸಾಲದು.

ಖಾಲಿ ತಿರುವಲ್ಲಿ ಬ್ರೇಕ್ ಹಿಡಿದದ್ದಕ್ಕೆ ಎರಡು ಮೂರು ಕಾರಣ ಇರಬಹುದು. ತಿರುವಿನಲ್ಲಿ ಕಾರಿನ ಮೂತಿ ನೋಡುವುದು ರಸ್ತೆಯನ್ನಲ್ಲ, ಹೊರಬದಿಯ ತಗಡಿನ ತಡೆಬೇಲಿಯನ್ನು. ರೇಡಾರಿಗೆ ಅದು ಜೋರಾಗಿ ಕಾಣುವ ಲೋಹ. ಒಣ ದಿನ ಕ್ಯಾಮೆರಾ 'ಅದು ವಾಹನವಲ್ಲ' ಎಂದು ತಿದ್ದುತ್ತದೆ, ಮಳೆಯಲ್ಲಿ ಅದಕ್ಕೇ ಖಾತ್ರಿ ಇರುವುದಿಲ್ಲ. ಒದ್ದೆ ಟಾರಿನಲ್ಲಿ ಎದುರು ವಾಹನದ ದೀಪ ಉದ್ದಕ್ಕೆ ಪಟ್ಟೆಯಾಗಿ ಇಳಿದು, ಒಂದು ದೀಪ ಎರಡಾಗಿ ಕಾಣುತ್ತದೆ. ಲಾರಿಯ ಹಿಂದಿನ ನೀರಿನ ಹುಡಿ ಗೋಡೆಯಂತೆ ಕಾಣುವುದೂ ಉಂಟು. ಲೇನ್ ಗೆರೆಯ ಪಾಡೂ ಹೀಗೆಯೇ. ಬಿಳಿ ಬಣ್ಣದಲ್ಲಿ ಬೆರೆಸಿದ ಗಾಜಿನ ಮಣಿಗಳು ದೀಪದ ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತವೆ. ಮಣಿಯ ಮೇಲೆ ನೀರು ಕಟ್ಟಿದರೆ ಆ ಗುಣ ಹೋಗಿ ರಾತ್ರಿ ಗೆರೆ ಮಾಯ. ಅದೇ ಹೊತ್ತಿಗೆ ಬಿರುಕಿಗೆ ಹಾಕಿದ ಟಾರಿನ ತೇಪೆ ಥಳಥಳ ಹೊಳೆದು ಗೆರೆಯಂತೆ ಕಾಣುತ್ತದೆ. ಕಾರು ಅದನ್ನೇ ಹಿಂಬಾಲಿಸಿ ಸ್ಟಿಯರಿಂಗ್ ಎಳೆದರೆ ಆಶ್ಚರ್ಯವಿಲ್ಲ.

ಹಾಗಾದರೆ ಏನು ಆನ್ ಇಡಬೇಕು, ಏನು ಆಫ್ ಮಾಡಬೇಕು? ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸುವ ಅಡಾಪ್ಟಿವ್ ಕ್ರೂಸ್ ಮಳೆಯಲ್ಲಿ ಬೇಡ. ಮುಂದಿನ ವಾಹನದಿಂದ ಅದು ಬಿಡುವ ಅಂತರಕ್ಕೆ ರಸ್ತೆಯ ಜಾರಿಕೆಯ ಲೆಕ್ಕ ಸೇರಿರುವುದಿಲ್ಲ. ಗೆರೆಯೊಳಗೇ ಇರುವಂತೆ ಸ್ಟಿಯರಿಂಗ್ ತಿರುಗಿಸುವ ಲೇನ್ ಕೀಪ್ ಅನ್ನು ಘಾಟಿಯಲ್ಲೂ ಗೆರೆ ಅರ್ಧಂಬರ್ಧ ಇರುವ ರಸ್ತೆಯಲ್ಲೂ ಆಫ್ ಮಾಡಿ. ಗುಂಡಿ ತಪ್ಪಿಸಲು ನೀವು ಬಲಕ್ಕೆ ಎಳೆದಾಗ ಅದು ಎಡಕ್ಕೆ ತಳ್ಳಿದರೆ ಕೈ ಬೆದರುತ್ತದೆ. ತುರ್ತು ಬ್ರೇಕನ್ನು ಮಾತ್ರ ಆಫ್ ಮಾಡಬೇಡಿ. ಒಮ್ಮೊಮ್ಮೆ ಸುಳ್ಳು ಬ್ರೇಕ್ ಬೀಳುವ ಅಪಾಯ ಇದೆ, ಹಿಂದೆ ಬಸ್ಸು ಒತ್ತಿಕೊಂಡು ಬರುತ್ತಿದ್ದರೆ ಅದು ಸಣ್ಣ ಅಪಾಯವಲ್ಲ. ಆದರೂ ಮಂಜಿನಲ್ಲಿ ನಿಮಗೆ ಕಾಣದ ವಾಹನವನ್ನು ರೇಡಾರ್ ಕಾಣುವ ಸಾಧ್ಯತೆಯನ್ನು ಬಿಟ್ಟುಕೊಡುವಂಥದ್ದಲ್ಲ. ಎಚ್ಚರಿಕೆಯ ಸೂಕ್ಷ್ಮತೆಯನ್ನು ಮೆನುವಿನಲ್ಲಿ ಒಂದು ಹಂತ ಇಳಿಸಿ ನೋಡಿ. ಸುಳ್ಳು ಬ್ರೇಕ್ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಬಂದರೆ ಜಾಗ, ಹೊತ್ತು, ವೇಗ ಬರೆದಿಟ್ಟು ಸರ್ವಿಸ್ಸಿಗೆ ಕೊಡಿ. 'ಮಳೆಯಲ್ಲಿ ತೊಂದರೆ' ಎಂದಷ್ಟೇ ಹೇಳಿದರೆ ಅವರು ಅಪ್‌ಡೇಟ್ ಮಾಡಿ ಕಳಿಸುವುದು ಸಹಜ.

ವೇಗದ ಲೆಕ್ಕ ಒಮ್ಮೆ ನೋಡಿಬಿಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಒಳ್ಳೆಯ ಟೈರು ಮತ್ತು ಒಣ ಟಾರಿದ್ದರೆ ಬ್ರೇಕ್ ಒತ್ತಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆಯಲ್ಲಿ ಹಿಡಿತ (ಘರ್ಷಣಾಂಕ) 0.4ಕ್ಕೆ ಇಳಿದರೆ ಅದೇ 35 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಇನ್ನೊಂದು 25 ಮೀಟರ್ ಓಡಿರುತ್ತದೆ. ಒಟ್ಟು 60. ಈ ವೇಗದಲ್ಲಿ ಹದಿನೈದು ಮೀಟರಿನಿಂದ ನೀರನ್ನು ಗುರುತಿಸುವ ಕ್ಯಾಮೆರಾ ಎಷ್ಟು ಉಪಕಾರ ಮಾಡೀತು? ನೀರಿನ ಮೇಲೆ ಟೈರು ತೇಲುವ ಭಯ ಘಾಟಿಗಿಂತ ನೇರ ರಸ್ತೆಯಲ್ಲಿ ಹೆಚ್ಚು. 32 ಪಿಎಸ್‌ಐ ಗಾಳಿಯ ಟೈರಿಗೆ ರೂಢಿಯ ಸೂತ್ರ ಕೊಡುವ ಮಿತಿ ಗಂಟೆಗೆ 90 ಕಿ.ಮೀ. ಚಿಲ್ಲರೆ. 24ಕ್ಕೆ ಇಳಿದರೆ 80ರ ಸುಮಾರಿಗೇ ತೇಲುತ್ತದೆ, ಟೈರು ಸವೆದಿದ್ದರೆ ಇನ್ನೂ ಮುಂಚೆ. ಮಳೆಗಾಲಕ್ಕೆ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಕೆಸರಿನ ತೋಟದ ದಾರಿಗೆ ಸರಿ, ಶಿವಮೊಗ್ಗ–ಭದ್ರಾವತಿ ರಸ್ತೆಗೆ ತಪ್ಪು. ಕಾನೂನು ಕಾರಿನ ಟೈರಿಗೆ 1.6 ಮಿ.ಮೀ. ಆಳದ ಎಳೆಯನ್ನು ಸಾಕು ಎನ್ನುತ್ತದೆ, ಮಲೆನಾಡಿನ ಮಳೆಗೆ 3 ಮಿ.ಮೀ. ಆದಾಗಲೇ ಬದಲಿಸಿ. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ಯಾವ ಸೆನ್ಸರನ್ನೂ ಕೇಳಬೇಡಿ. 30 ಸೆಂ.ಮೀ. ಹರಿವು ಸಣ್ಣ ಕಾರನ್ನು ಎತ್ತಿ ಒಯ್ಯಲು ಸಾಕು, 60 ಸೆಂ.ಮೀ. ಇದ್ದರೆ ದೊಡ್ಡ ಗಾಡಿಯೂ ನಿಲ್ಲುವುದಿಲ್ಲ. ಕೆಂಪು ನೀರಿನಡಿ ಮೋರಿಯೇ ಉಳಿದಿದೆಯೋ ಇಲ್ಲವೋ, ಮೇಲಿನಿಂದ ಯಾರಿಗೂ ತಿಳಿಯುವುದಿಲ್ಲ.

ನಿಮ್ಮ ಮಗಳಿಗೆ ಹೇಳಿ: ಪೋಲರೈಸರ್ ಯೋಚನೆ ಸರಿಯಾದದ್ದೇ, ಆದರೆ ಅವಳು ಓದಿರುವ ಬ್ರೂಸ್ಟರ್ ಕೋನ ಇಲ್ಲಿ ಕೈಕೊಡುತ್ತದೆ. ನೀರಿಗೆ ಅದು, ನೇರ ಲಂಬದಿಂದ ಅಳೆದರೆ, 53 ಡಿಗ್ರಿ. ಪ್ರತಿಫಲಿಸಿದ ಬೆಳಕು ಪೂರ್ತಿ ಅಡ್ಡ ದಿಕ್ಕಿನಲ್ಲಿ ಧ್ರುವೀಕರಣವಾಗುವುದು, ಅಂದರೆ ಆ ಒಂದೇ ದಿಕ್ಕಿಗೆ ಕಂಪಿಸುವುದು, ಆ ಕೋನದಲ್ಲಿ ಮಾತ್ರ. 1.3 ಮೀಟರ್ ಎತ್ತರದ ಕ್ಯಾಮೆರಾಕ್ಕೆ ಆ ಜಾಗ 1.7 ಮೀಟರ್ ಮುಂದೆ, ಅಂದರೆ ಬಾನೆಟ್ಟಿನ ಅಡಿಯಲ್ಲಿ! ಮುಂದೆ ಹೋದಂತೆ ವ್ಯತ್ಯಾಸ ಕರಗುತ್ತದೆ. ಅಡ್ಡ ಮತ್ತು ಲಂಬ ಫಿಲ್ಟರಿನ ಎರಡು ಚಿತ್ರಗಳ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ, ಶುದ್ಧ ಕನ್ನಡಿಯಂಥ ನೀರಿಗೆ 5 ಮೀಟರಿನಲ್ಲಿ 0.46, 10 ಮೀಟರಿನಲ್ಲಿ 0.23, 20 ಮೀಟರಿನಲ್ಲಿ 0.11 ಸಿಗಬೇಕು. ಹಾಗಾಗಿ ಇಡೀ ಚಿತ್ರಕ್ಕೆ ಒಂದೇ ಮಿತಿ ಇಟ್ಟರೆ ಹತ್ತಿರದ ಒದ್ದೆ ಟಾರೆಲ್ಲ ನೀರಾಗುತ್ತದೆ, ದೂರದ ನೀರು ಬಿಟ್ಟುಹೋಗುತ್ತದೆ. ಮಿತಿ ಸಾಲಿನಿಂದ ಸಾಲಿಗೆ ಬದಲಾಗಬೇಕು. ಒಂದು ಅನುಕೂಲವೂ ಉಂಟು. ನೀಲಿ ಆಕಾಶದ ಬೆಳಕೇ ಅರೆಬರೆ ಧ್ರುವೀಕರಣವಾಗಿರುತ್ತದೆ, ಅದು ಲೆಕ್ಕ ಕೆಡಿಸುತ್ತದೆ. ಮೋಡ ಮುಚ್ಚಿದ ಮಲೆನಾಡಿನ ಜುಲೈಯಲ್ಲಿ ಆ ಕಾಟ ಕಡಿಮೆ.

ನಾಲ್ಕು ದಿಕ್ಕಿನ ಫಿಲ್ಟರನ್ನು ಚಿಪ್ಪಿನ ಮೇಲೇ ಕೂರಿಸಿದ ಸೋನಿಯ ಸೆನ್ಸರ್ ಇರುವ ಕ್ಯಾಮೆರಾ ತುಂಬ ದುಬಾರಿ. ಪ್ರಾಜೆಕ್ಟಿಗೆ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವ ಎರಡು ರಾಸ್ಪ್‌ಬೆರಿ ಪೈ ಗ್ಲೋಬಲ್ ಶಟರ್ ಕ್ಯಾಮೆರಾ, ಎರಡಕ್ಕೂ 6 ಮಿ.ಮೀ. ಲೆನ್ಸು, ಒಂದಕ್ಕೆ ಅಡ್ಡ ಇನ್ನೊಂದಕ್ಕೆ ಲಂಬ ಪೋಲರೈಸರ್ ಹಾಳೆ, ಒಂದು ರಾಸ್ಪ್‌ಬೆರಿ ಪೈ 5 ಪುಟ್ಟ ಕಂಪ್ಯೂಟರ್ ಸಾಕು. ಮೇಲೆ ಹೇಳಿದ ಪಿಕ್ಸೆಲ್ ಲೆಕ್ಕ ಇದೇ ಕ್ಯಾಮೆರಾದ್ದು. ಎರಡೂ ಒಂದೇ ಕ್ಷಣದಲ್ಲಿ ಕ್ಲಿಕ್ ಆಗುವಂತೆ ಟ್ರಿಗರ್ ತಂತಿ ಜೋಡಿಸಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಮೂವತ್ತನೇ ಒಂದು ಸೆಕೆಂಡ್ ಹಿಂದೆಮುಂದೆ ಆದರೂ ಕಾರು 37 ಸೆಂ.ಮೀ. ಸರಿದಿರುತ್ತದೆ, ಆಗ ಸಿಗುವ ವ್ಯತ್ಯಾಸವೆಲ್ಲ ಸುಳ್ಳು. ಎಕ್ಸ್‌ಪೋಷರ್, ಗೇನ್, ಬಿಳಿ ಸಮತೋಲ ಮೂರನ್ನೂ ಕೈಯಿಂದ ಕಟ್ಟಿಹಾಕಿ, ಮೋಡದ ದಿನ ಸುಣ್ಣದ ಗೋಡೆಗೆ ನೇರ ಎದುರು ಹಿಡಿದು ಎರಡೂ ಒಂದೇ ಹೊಳಪು ಕೊಡುವಂತೆ ಹೊಂದಿಸಬೇಕು. ಆ ಮೇಲೆ ಕಾರಿನೊಳಗೆ ಕೂರಿಸಿ ಅದನ್ನೇ ಇನ್ನೊಮ್ಮೆ ಮಾಡಬೇಕು. ಓರೆಯಾಗಿ ಕೂತ ಮುಂದಿನ ಗಾಜು ಲಂಬ ಬೆಳಕನ್ನು ಸ್ವಲ್ಪ ಹೆಚ್ಚು ಒಳಗೆ ಬಿಡುತ್ತದೆ. ಮುಸ್ಸಂಜೆಗೆ ಈ ಉಪಾಯ ಸೋಲುತ್ತದೆ, ಫಿಲ್ಟರು ಅರ್ಧಕ್ಕಿಂತ ಹೆಚ್ಚು ಬೆಳಕು ತಿಂದುಬಿಡುತ್ತದೆ.

ಮಾಡೆಲ್ ವಿಷಯಕ್ಕೆ ಬಂದರೆ, ಪಿಕ್ಸೆಲ್ ಪಿಕ್ಸೆಲ್ಲಿಗೂ ವರ್ಗ ಹಚ್ಚುವ ಸಣ್ಣ ಸೆಗ್ಮೆಂಟೇಷನ್ ಮಾಡೆಲ್ ಸಾಕು. ಐಐಐಟಿ ಹೈದರಾಬಾದ್ ಮತ್ತು ಇಂಟೆಲ್ ಸೇರಿ ಮಾಡಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಹೈದರಾಬಾದ್, ಬೆಂಗಳೂರು ಕಡೆಯ ರಸ್ತೆಗಳ 10,004 ಚಿತ್ರಗಳಿವೆ. ಅದರಿಂದ ನಮ್ಮ ರಸ್ತೆಯ ಗದ್ದಲ ಕಲಿಸಿ, ನೀರಿನ ವರ್ಗಗಳನ್ನು ಅವಳೇ ತೆಗೆದ ಐದಾರು ನೂರು ಚಿತ್ರಗಳಿಂದ ಕಲಿಸಬಹುದು. ವರ್ಗ ಹೀಗಿರಲಿ: ಒಣ, ಒದ್ದೆ, ನಿಂತ ನೀರು, ಹರಿಯುವ ನೀರು, ಕೆಸರು, ಹಾವಸೆ. ಪರೀಕ್ಷೆಗೆ ಇಡುವ ಚಿತ್ರಗಳನ್ನು ಬೇರೆ ರಸ್ತೆಯಿಂದ, ಬೇರೆ ದಿನದಿಂದ ತೆಗೆಯಬೇಕು. ಒಂದೇ ವಿಡಿಯೊದ ಚಿತ್ರಗಳನ್ನು ಕಲಸಿ ಅರ್ಧ ಕಲಿಕೆಗೆ ಅರ್ಧ ಪರೀಕ್ಷೆಗೆ ಹಂಚಿದರೆ ಶೇ 95 ಬರುತ್ತದೆ, ಹೊಸನಗರದ ರಸ್ತೆಗೆ ಒಯ್ದ ದಿನ ಕುಸಿಯುತ್ತದೆ. ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಬಹಳ ಸಲ ಕಾಣುವ ತಪ್ಪು ಇದು. ಫಲಿತಾಂಶವನ್ನೂ ಒಂದೇ ಅಂಕಿಯಲ್ಲಿ ಹೇಳದೆ 5–10, 10–15, 15–25 ಮೀಟರ್ ಎಂದು ದೂರದ ಪಟ್ಟೆಗಳಲ್ಲಿ ಹೇಳಲಿ.

ಗುಂಡಿಗೆ ಒಂದು ಅಡ್ಡದಾರಿ ಇದೆ, ನನಗೆ ಪೋಲರೈಸರಿಗಿಂತ ಇದರ ಮೇಲೇ ಹೆಚ್ಚು ಭರವಸೆ. ಫೋನಿನಲ್ಲಿ ಅಲುಗಾಟ ಅಳೆಯುವ ಆಕ್ಸಿಲರೋಮೀಟರನ್ನು ಸೆಕೆಂಡಿಗೆ ನೂರು ಸಲ ಬರೆದುಕೊಳ್ಳುವಂತೆ ಮಾಡಿ ಡ್ಯಾಶ್‌ಬೋರ್ಡಿಗೆ ಬಿಗಿಯಾಗಿ ಕಟ್ಟಬೇಕು. ಚಕ್ರ ಗುಂಡಿಗೆ ಬಿದ್ದ ಕ್ಷಣ ಗೀಟು ಜಿಗಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಅದಕ್ಕೆ 1.8 ಸೆಕೆಂಡ್ ಹಿಂದಿನ ಚಿತ್ರದಲ್ಲಿ ಆ ಗುಂಡಿ 15 ಮೀಟರ್ ಮುಂದೆ ಕೂತಿರುತ್ತದೆ. ಕೈಯಲ್ಲಿ ಗೆರೆ ಎಳೆಯದೆಯೇ 'ಇದು ಬರೀ ನೀರು, ಇದು ನೀರಡಿಯ ಗುಂಡಿ' ಎಂಬ ಗುರುತು ಸಿಗುತ್ತದೆ. ಗುಂಡಿಯ ಜಾಗವನ್ನು ಜಿಪಿಎಸ್ ಜತೆ ಬರೆದಿಟ್ಟರೆ ನಾಳೆ ಅದೇ ದಾರಿಯಲ್ಲಿ ಬರುವ ಇನ್ನೊಂದು ಕಾರಿಗೆ ಮುಂಚೆಯೇ ಹೇಳಬಹುದು. ಮರದಡಿ ಜಿಪಿಎಸ್ ಐದು ಹತ್ತು ಮೀಟರ್ ತಪ್ಪುತ್ತದೆ, ಎಚ್ಚರಿಕೆಗೆ ಅಷ್ಟು ನಿಖರತೆ ಸಾಕು. ಬೇಸಿಗೆಯ ನಕ್ಷೆ ಮಾತ್ರ ಸಾಲದು. ಬಿರುಕಿಗಿಳಿದ ನೀರು ಜಲ್ಲಿಯಿಂದ ಟಾರನ್ನು ಬಿಡಿಸಿ, ಮೇಲೆ ಚಕ್ರ ಒತ್ತಿದಾಗಲೆಲ್ಲ ಪಂಪಿನಂತೆ ಜಲ್ಲಿ ಕಕ್ಕಿಸುತ್ತದೆ. ಆರಿದ್ರೆಯಲ್ಲಿ ಇಲ್ಲದ ಗುಂಡಿ ಪುಷ್ಯಕ್ಕೆ ಹುಟ್ಟಿರುತ್ತದೆ, ನಕ್ಷೆಯನ್ನು ವಾರವಾರ ಹೊಸದು ಮಾಡಬೇಕು. ಇನ್ನೊಂದು ಸುಳಿವು ಮುಂದಿನ ವಾಹನದ ಚಕ್ರ. ಅದು ನೀರಿಗಿಳಿದಾಗ ರಿಮ್ಮಿನ ಎಲ್ಲಿಯವರೆಗೆ ಮುಳುಗಿತು ಎಂಬುದು ಅಳತೆಕೋಲಿದ್ದಂತೆ. ಏನೇ ಮಾಡಿದರೂ ಪ್ರಾಜೆಕ್ಟಿನ ತಂತಿಯನ್ನು ಕಾರಿನ ಬ್ರೇಕಿಗೆ ಜೋಡಿಸಬಾರದು. ಬೀಪ್ ಮಾಡಲಿ, ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಲ್ಯಾಪ್‌ಟಾಪ್ ನೋಡುತ್ತ ಕೂರಲಿ.

ಇನ್ನು ಆಗುಂಬೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಊರು, ಹದಿನಾಲ್ಕು ಹೇರ್‌ಪಿನ್ ತಿರುವು, ಒಂದು ಬದಿ ಧರೆ, ಇನ್ನೊಂದು ಬದಿ ಕಣಿವೆ. ತಾನೇ ಓಡುವ ಯಾವ ವಾಹನಕ್ಕೂ ಅದನ್ನು ಮಾಡಿದವರು ಒಂದು ಮಿತಿ ಬರೆದಿಟ್ಟಿರುತ್ತಾರೆ: ಇಂಥ ರಸ್ತೆ, ಇಂಥ ಹವೆ, ಇಷ್ಟು ವೇಗ. ಮಿತಿ ದಾಟಿದರೆ ಅದು ಸುರಕ್ಷಿತ ಜಾಗ ನೋಡಿ ನಿಲ್ಲಬೇಕು ಎಂಬುದು ನಿಯಮ. ಘಾಟಿಯ ನಡುವೆ ಕಾವಳ ಕವಿದು, ಗೆರೆ ಮುಳುಗಿ, ಧರೆಯಿಂದ ಕೆಂಪು ನೀರು ರಸ್ತೆಗೆ ಅಡ್ಡ ಹರಿಯತೊಡಗಿದರೆ ಪಕ್ಕಕ್ಕೆ ಸರಿದು ನಿಲ್ಲಲು ಜಾಗ ಎಲ್ಲಿದೆ? ನಡುರಸ್ತೆಯಲ್ಲಿ ನಿಂತ ಕಾರು ಮೇಲಿನಿಂದ ಇಳಿಯುವ ಬಸ್ಸಿಗೆ ನೀರಗುಂಡಿಗಿಂತ ದೊಡ್ಡ ಅಪಾಯ. ಹಾಗಾಗಿ ಸರಿಯಾಗಿ ಮಾಡಿದ ಚಾಲಕರಹಿತ ಕಾರು ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯುವುದಿಲ್ಲ. ಮೇಲೆ, ಊರಿನಲ್ಲೇ ನಿಂತು ಸ್ಟಿಯರಿಂಗನ್ನು ನಿಮ್ಮ ಕೈಗೆ ಕೊಡುತ್ತದೆ. ನಿಮ್ಮ ಕಾರಿನಲ್ಲಿರುವುದು ಎರಡನೇ ಹಂತದ ಅಡಾಸ್. ಅದರಲ್ಲಿ ಮಳೆಯಿರಲಿ ಬಿಸಿಲಿರಲಿ, ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರಬೇಕು.